ಮುಚ್ಚಿಡುವಂಥದ್ದೇನೂ ಇಲ್ಲ ಎಂದಿದ್ದ ಹುಡುಗ

ಈ ಹುಡುಗನ ಹೆಸರು ಬರೆಯುವುದಿಲ್ಲ. ಊರು, ಓದುವ ವಿಷಯ, ಮನೆಯವರ ಕಸುಬು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ. ಬರೆದದ್ದನ್ನು ಅವನಿಗೆ ಓದಲು ಕೊಟ್ಟಿದ್ದೆ.

ಮಂಗಳವಾರ ಸಂಜೆ, ನಾನು ಇನ್ನೇನು ಕಾಲೇಜಿನ ಆಪ್ತಸಮಾಲೋಚನೆಯ ಕೊಠಡಿಗೆ ಬೀಗ ಹಾಕಬೇಕು ಅನ್ನುವ ಹೊತ್ತಿಗೆ ಬಂದ. 19 ವರ್ಷ, ಬಿ.ಕಾಂ. ಎರಡನೇ ವರ್ಷ, ಹಾಸ್ಟೆಲ್ ವಾಸ. ಕೈಯಲ್ಲಿ ನಾಲ್ಕು ಪುಟದ ಜೆರಾಕ್ಸ್. ‘ಸಾಮಾಜಿಕ ಜಾಲತಾಣ ಮತ್ತು ಖಾಸಗಿತನ’ ಎಂಬ ವಿಷಯದ ಮೇಲೆ ಅವನು ಬರೆದು ಬಹುಮಾನ ಪಡೆದಿದ್ದ ಪ್ರಬಂಧ. “ಇದನ್ನೊಂದ್ಸಲ ನೋಡ್ತೀರಾ ಮೇಡಂ” ಅಂದ. ನೋಡಿದೆ. ಚೆನ್ನಾಗಿಯೇ ಬರೆದಿದ್ದ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವೂ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದ್ದು, ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎಂಬುದು, ಆಧಾರ್ ವಿಚಾರ, ಎಲ್ಲ ಸರಿಯಾಗಿತ್ತು. ಕೊನೆಯ ಪುಟದಲ್ಲಿ ಒಂದು ಸಾಲಿಗೆ ಅವನೇ ಕೆಂಪು ಪೆನ್ನಿನಲ್ಲಿ ಗೀಟು ಎಳೆದಿದ್ದ: ‘ಆದರೆ ನನ್ನಂಥ ಸಾಮಾನ್ಯ ವಿದ್ಯಾರ್ಥಿಯ ಫೋನಿನಲ್ಲಿ ಮುಚ್ಚಿಡುವಂಥದ್ದೇನೂ ಇರುವುದಿಲ್ಲ.’

“ಈ ಸಾಲು ಸುಳ್ಳು ಮೇಡಂ” ಅಂದ. ಆಮೇಲೆ ತುಂಬಾ ಹೊತ್ತು ಅತ್ತ.

ನಡೆದದ್ದು ಇಷ್ಟು. ಹನ್ನೊಂದು ದಿನಗಳ ಹಿಂದೆ ಇನ್‌ಸ್ಟಾಗ್ರಾಂನಲ್ಲಿ ಒಬ್ಬ ಹುಡುಗಿಯ ಹೆಸರಿನಿಂದ ಪರಿಚಯದ ಮಾತು ಬಂತು. ಎರಡು ದಿನ ಹರಟೆ, ಮೂರನೇ ದಿನ ವಾಟ್ಸ್‌ಆ್ಯಪ್ ನಂಬರ್, ಅದೇ ರಾತ್ರಿ ವಿಡಿಯೋ ಕಾಲ್. ಆ ಕಡೆ ಕಂಡ ಹುಡುಗಿ ಬಟ್ಟೆ ಬಿಚ್ಚಿದಳು, ಇವನಿಗೂ ಹಾಗೇ ಮಾಡು ಅಂದಳು. ಎರಡು ನಿಮಿಷವೂ ಇರಲಿಲ್ಲ ಆ ಕಾಲ್. ಅದು ಕಟ್ಟಾದ ಸ್ವಲ್ಪ ಹೊತ್ತಿಗೆ ಅವನದೇ ವಿಡಿಯೋ ಅವನ ಫೋನಿಗೆ ಬಂತು. ಜೊತೆಗೆ ಅವನ ಫಾಲೋವರ್‌ಗಳ ಪಟ್ಟಿಯ ಸ್ಕ್ರೀನ್‌ಶಾಟ್: ಅಕ್ಕ, ಚಿಕ್ಕಪ್ಪನ ಮಗ, ಹೈಸ್ಕೂಲಿನ ಕನ್ನಡ ಮೇಷ್ಟ್ರು, ಕ್ಲಾಸಿನ ಹುಡುಗಿಯರು. 5,000 ಕಳಿಸು, ಇಲ್ಲದಿದ್ದರೆ ಎಲ್ಲರಿಗೂ ಹೋಗುತ್ತದೆ.

ಕಳಿಸಿದ. ಮರುದಿನ 8,500 ಕೇಳಿದರು. ಅದನ್ನೂ ಕಳಿಸಿದ. ನಂತರ ಖಾಕಿ ಸಮವಸ್ತ್ರದ ಫೋಟೊ ಹಾಕಿಕೊಂಡ ಒಬ್ಬ ‘ಸೈಬರ್ ಪೊಲೀಸ್’ ಹಿಂದಿಯಲ್ಲಿ ಗದರಿಸಿದ. ನಿನ್ನ ವಿಡಿಯೋ ಯೂಟ್ಯೂಬ್‌ಗೆ ಹೋಗಿದೆ, ತೆಗೆಸದಿದ್ದರೆ ಅರೆಸ್ಟ್ ಅಂದ. ತೆಗೆಸಿಕೊಡಲು ‘ಯೂಟ್ಯೂಬ್ ಅಧಿಕಾರಿ’ಯ ನಂಬರನ್ನೂ ಅವನೇ ಕೊಟ್ಟ. ಆ ಅಧಿಕಾರಿಗೆ 15,000, ಆಮೇಲೆ 6,000. ಒಟ್ಟು 34,500 ರೂಪಾಯಿ. ಪರೀಕ್ಷಾ ಶುಲ್ಕ, ವಿದ್ಯಾರ್ಥಿವೇತನ, ರೂಮ್‌ಮೇಟ್ ಹತ್ತಿರ ಕೈಸಾಲ, ಪ್ರಾಜೆಕ್ಟ್ ಎಂದು ಸುಳ್ಳು ಹೇಳಿ ಅಕ್ಕನಿಂದ ತಂದದ್ದು. ಕೊನೆಯ ಕಂತು ಹಿಂದಿನ ರಾತ್ರಿಯಷ್ಟೇ ಹೋಗಿತ್ತು.

ಈ ಕಥೆಯ ಪ್ರತಿ ಹೆಜ್ಜೆಯೂ ನನಗೆ ಗೊತ್ತಿತ್ತು. ಹುಡುಗಿ, ಪೊಲೀಸ್, ಯೂಟ್ಯೂಬ್ ಅಧಿಕಾರಿ, ಮೂರೂ ಒಂದೇ ಗುಂಪಿನ ವೇಷ. ಎಷ್ಟೋ ಸಲ ಆ ಕಡೆ ಹುಡುಗಿಯೇ ಇರುವುದಿಲ್ಲ, ಮೊದಲೇ ಇಟ್ಟುಕೊಂಡ ವಿಡಿಯೋ ಓಡಿಸಿ ಈ ಕಡೆಯದನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಆದರೆ ಅದನ್ನೆಲ್ಲ ವಿವರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು.

“ಸಾಯಬೇಕು ಅಂತ ಅನ್ನಿಸ್ತಿದೆಯಾ?”

ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಅನೇಕ ಪೋಷಕರು, ಅಧ್ಯಾಪಕರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದವರ ಮುಂದೆ ಮನಸ್ಸು ಸ್ವಲ್ಪ ಹಗುರಾಗುತ್ತದೆ. ಅವನು ತಲೆ ತಗ್ಗಿಸಿ, “ಎರಡು ರಾತ್ರಿಯಿಂದ” ಅಂದ. ಅವತ್ತಿನ ಉಳಿದ ಸಮಯದಲ್ಲಿ ಹೆಚ್ಚಿನದು ಅದಕ್ಕೇ ಹೋಯಿತು. ರಾತ್ರಿ ಒಬ್ಬನೇ ಇರಕೂಡದು. ರೂಮ್‌ಮೇಟ್‌ಗೆ ವಿಷಯ ಹೇಳದಿದ್ದರೂ ‘ನನ್ನ ಜೊತೆ ಇರು’ ಅನ್ನಬಹುದು. ಟೆಲಿ ಮಾನಸ್‌ನ 14416 ನಂಬರನ್ನು ನನ್ನೆದುರೇ ಸೇವ್ ಮಾಡಿಸಿದೆ. ಹಗಲು ರಾತ್ರಿ ಸಿಗುವ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ, ಆದರೆ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ನಾನು ಒಬ್ಬರಿಗೆ ತಿಳಿಸಲೇಬೇಕು ಎಂದೂ ಹೇಳಿದೆ. ಆ ಒಬ್ಬರು ಯಾರೆಂದು ಆರಿಸು ಅಂದೆ. ಬಹಳ ಹೊತ್ತು ಯೋಚಿಸಿ “ಅಪ್ಪ” ಅಂದ.

ಹಣದ ಸಲಹೆ ಒಂದೇ ಮಾತಿನದು: ಇನ್ನು ಒಂದು ರೂಪಾಯಿಯೂ ಬೇಡ. ಕೊಟ್ಟವನು ಇನ್ನೂ ಕೊಡುತ್ತಾನೆ ಎಂಬುದೊಂದೇ ಅವರ ಲೆಕ್ಕ. ಅವನು ಕೇಳಿದ, “ಕೊಡದಿದ್ರೆ ಕಳಿಸಲ್ವಾ?” ಕಳಿಸಲೂಬಹುದು ಅಂದೆ. ಇಲ್ಲಿ ಸುಳ್ಳು ಸಮಾಧಾನ ಹೇಳುವುದು ದೊಡ್ಡ ತಪ್ಪು. ಹಣ ಬರುವುದು ನಿಂತರೆ ಹೆಚ್ಚಿನ ಸಲ ಅವರು ಮುಂದಿನ ಬಲಿಯ ಕಡೆ ಹೋಗುತ್ತಾರೆ, ಆದರೆ ಖಾತ್ರಿ ಯಾರೂ ಕೊಡಲಾರರು. ಹಾಗಾಗಿ ಕಳಿಸಿದರೂ ನೀನು ನಿಂತುಕೊಳ್ಳುವಂತೆ ತಯಾರಾಗೋಣ ಅಂದೆ.

ಭಯಕ್ಕೆ ಅವನು ಇನ್‌ಸ್ಟಾಗ್ರಾಂ ಖಾತೆಯನ್ನೇ ಅಳಿಸಲು ಹೊರಟಿದ್ದ. ತಡೆದೆ. ಆ ಪ್ರೊಫೈಲಿನ ಲಿಂಕು, ಫೋನ್ ನಂಬರ್‌ಗಳು, ಬೆದರಿಕೆಯ ಮೆಸೇಜ್‌ಗಳು, ಹಣ ಹೋದ ಯುಪಿಐ ಐಡಿ, ಪ್ರತಿ ವಹಿವಾಟನ್ನು ಗುರುತಿಸುವ ಯುಟಿಆರ್ ಸಂಖ್ಯೆ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಾದ ಮೇಲೆ ರಿಪೋರ್ಟ್, ಅದರ ನಂತರ ಬ್ಲಾಕ್. ನನ್ನ ಮೇಜಿನ ಮೇಲಿನಿಂದಲೇ 1930ಕ್ಕೆ ಕರೆ ಮಾಡಿದ. ಆನ್‌ಲೈನ್ ವಂಚನೆಯಲ್ಲಿ ಹೋದ ಹಣವನ್ನು ಬ್ಯಾಂಕುಗಳಲ್ಲಿ ತಡೆಹಿಡಿಯಲು ಇರುವ ಸಹಾಯವಾಣಿ ಅದು. ಎಷ್ಟು ಬೇಗ ಹೇಳಿದರೆ ಅಷ್ಟು ಒಳ್ಳೆಯದು, ಗಂಟೆಗಳ ಲೆಕ್ಕ. ಹಿಂದಿನ ರಾತ್ರಿಯ 6,000 ರೂಪಾಯಿ ತಡೆಹಿಡಿಯಲ್ಪಟ್ಟಿತು, ಉಳಿದದ್ದು ಅಷ್ಟರಲ್ಲಿ ದಾಟಿಹೋಗಿತ್ತು. ಮೊದಲ ರಾತ್ರಿಯೇ ಯಾರಿಗಾದರೂ ಹೇಳಿದ್ದರೆ ಎಂದು ಈಗಲೂ ನನಗೆ ಸಂಕಟವಾಗುತ್ತದೆ. ಆ ವರ್ಷದ ಆರಂಭದಲ್ಲಿ ಇದೇ ಕಾಲೇಜಿನಲ್ಲಿ ನಾನೇ ಒಂದು ಗಂಟೆ ಜಾಗೃತಿ ಭಾಷಣ ಮಾಡಿದ್ದೆ. ಅದು ಮಾಡಬೇಡಿ, ಇದು ಮಾಡಬೇಡಿ ಎಂದು ಹೇಳಿದ್ದೆ. ಮಾಡಿಬಿಟ್ಟರೆ ಎಲ್ಲಿಗೆ ಬರಬೇಕು ಎಂದು ಹೇಳಿರಲಿಲ್ಲ. ಅವನು ಮೂರನೇ ಸಾಲಿನಲ್ಲಿ ಕೂತಿದ್ದನಂತೆ. ಈಗ ನನ್ನ ಭಾಷಣ 1930ರಿಂದಲೇ ಶುರುವಾಗುತ್ತದೆ.

ಸ್ಟಾಪ್‌ಎನ್‌ಸಿಐಐ ಎಂಬ, ಒಪ್ಪಿಗೆಯಿಲ್ಲದೆ ನಗ್ನ ಚಿತ್ರ ಹರಡುವುದನ್ನು ತಡೆಯುವ ಉಚಿತ ವ್ಯವಸ್ಥೆಯನ್ನೂ ತೋರಿಸಿದೆ. ಹದಿನೆಂಟು ದಾಟಿದವರಿಗೆ ಇರುವಂಥದ್ದು. “ಮತ್ತೆ ಆ ವಿಡಿಯೋನ ಯಾರಿಗೋ ಕಳಿಸ್ಬೇಕಾ?” ಎಂದು ಬೆಚ್ಚಿದ. ಕಳಿಸುವುದಿಲ್ಲ. ವಿಡಿಯೋ ನಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರಿಂದ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ತಯಾರಾಗಿ ಹೋಗುತ್ತದೆ. ಈ ಒಪ್ಪಂದದಲ್ಲಿರುವ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ತಾಣಗಳಲ್ಲಿ ಅದಕ್ಕೆ ಹೊಂದುವ ವಿಡಿಯೋ ಏರಿಸಿದರೆ ಗುರುತಿಸಿ ತಡೆಯಬಹುದು. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸುವುದನ್ನು ಇದು ತಡೆಯಲಾರದು. ಎಲ್ಲಾದರೂ ಬಂದೇಬಿಟ್ಟರೆ, ಇಂಥ ನಗ್ನ ಚಿತ್ರದ ಬಗ್ಗೆ ಬಾಧಿತರೇ ದೂರು ಕೊಟ್ಟಾಗ ತಾಣಗಳು 24 ಗಂಟೆಯೊಳಗೆ ತೆಗೆಯಬೇಕು ಎಂದು 2021ರ ಐಟಿ ನಿಯಮಗಳು ಬಂದಾಗಲೇ ಗಡುವು ಹಾಕಲಾಗಿತ್ತು. ಹದಿನೆಂಟು ತುಂಬದ ಮಗುವಾಗಿದ್ದರೆ ಇದು ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ ಪ್ರಕರಣ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಶುಕ್ರವಾರ ಬಂದಾಗ ಅವನು ಕೇಳಿದ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. “ಖಾಸಗಿತನ ಹಕ್ಕು ಅಂತ ನಾನೇ ಬರ್ದೆ. ಆದ್ರೆ ಕ್ಯಾಮೆರಾ ಮುಂದೆ ನಿಂತಿದ್ದು ನಾನೇ ತಾನೇ ಮೇಡಂ? ತಪ್ಪು ಮಾಡ್ದೋನಿಗೂ ಅದು ಇರುತ್ತಾ?”

ಇರುತ್ತದೆ. ಒಬ್ಬಳಿಗೆ ಎಂದು ನಂಬಿ ತೋರಿಸಿದ್ದನ್ನು ರೆಕಾರ್ಡ್ ಮಾಡಲು, ಹಂಚಲು ಅವನು ಒಪ್ಪಿರಲಿಲ್ಲ. ಅವನದು ಅವಸರ, ವಯಸ್ಸಿನ ಕುತೂಹಲ. ಅವರದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ನಿನ ಅಪರಾಧ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ ಅಂದೆ. ಇನ್ನೊಂದು ಮಾತನ್ನೂ ಹೇಳಿದೆ: ಈಗ ವಿಡಿಯೋ ಕಾಲ್ ಎತ್ತದವರ ಮುಖವನ್ನೂ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಬೇರೆ ಮೈಗೆ ಅಂಟಿಸುತ್ತವೆ. ಗಣಪತಿ ಮೆರವಣಿಗೆಯಲ್ಲಿ ತೆಗೆದ ಒಂದು ಫೋಟೊ ಸಾಕು. ಎಚ್ಚರವಾಗಿದ್ದವರಿಗೆ ಏನೂ ಆಗುವುದಿಲ್ಲ ಎಂಬ ಭರವಸೆಯನ್ನು ಯಾರೂ ಕೊಡಲಾಗದ ಕಾಲದಲ್ಲಿ, ಸಿಕ್ಕಿಬಿದ್ದವರನ್ನು ‘ನಿನ್ನದೇ ತಪ್ಪು’ ಅನ್ನುವುದು ನನಗೆ ಕ್ರೌರ್ಯವಾಗಿ ಕಾಣುತ್ತದೆ.

ಆಮೇಲೆ ಇಬ್ಬರೂ ಕೂತು ಒಂದು ಮೆಸೇಜ್ ಬರೆದೆವು. ‘ನನ್ನನ್ನು ಬ್ಲ್ಯಾಕ್‌ಮೇಲ್ ಮಾಡುವ ಜಾಲಕ್ಕೆ ಸಿಕ್ಕಿದ್ದೆ. ನನ್ನ ಹೆಸರಲ್ಲಿ ಏನಾದರೂ ಬಂದರೆ ತೆರೆಯಬೇಡಿ, ಆ ನಂಬರ್ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ. 1930ಕ್ಕೆ ದೂರು ಕೊಟ್ಟಿದ್ದೇನೆ.’ ಕ್ಷಮೆ ಕೇಳುವ ಎರಡು ಸಾಲು ಸೇರಿಸಿದ್ದ; ತೆಗೆಸಿದೆ. ಆರು ಜನರಿಗೆ ಕಳಿಸಿದ. ಕಳಿಸುವಾಗ ಅವನ ಕೈ ನಡುಗುತ್ತಿತ್ತು.

ತಂದೆ ಶನಿವಾರ ಬಂದರು. ಮಂಡಿಯಲ್ಲಿ ಲೆಕ್ಕ ಬರೆಯುವವರು, ಮಿತಭಾಷಿ. ಹುಡುಗ ತಾನೇ ಹೇಳಿದ, ನಾನು ಪಕ್ಕದಲ್ಲಿದ್ದೆ. ಕೇಳಿದ ತಕ್ಷಣ ಕೈ ಚಾಚಿ “ಕೊಡಿಲ್ಲಿ ಫೋನು” ಅಂದರು. ನಾನು ಅವರಿಗೆ ಹೇಳಿದೆ: ಸಾಕ್ಷಿಯೆಲ್ಲ ಅದರಲ್ಲಿದೆ, ಅದು ಒಂದು. ಇವತ್ತು ನಿಜ ಹೇಳಿದ್ದಕ್ಕೆ ಫೋನ್ ಹೋದರೆ, ಇನ್ನೊಂದು ಕಷ್ಟದಲ್ಲಿ ಅವನು ನಿಮ್ಮ ಹತ್ತಿರ ಬರುವುದಿಲ್ಲ, ಇದು ಇನ್ನೊಂದು. ಅವರು ಕೈ ಹಿಂದೆಗೆದುಕೊಂಡರು. ಕಿಟಕಿಯಾಚೆ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ, “ನಂಗೂ ಬಂದಿತ್ತು ಮಗಾ ಅಂಥ ಕಾಲು. ಎತ್ತಿ ಗಾಬರಿಯಾಗಿ ಕಟ್ ಮಾಡ್ದೆ. ಮನೇಲಿ ಹೇಗೆ ಹೇಳೋದು ಅಂತ ಸುಮ್ನಾದೆ. ಹೇಳಿದ್ರೆ ನಿಂಗಾದ್ರೂ ಗೊತ್ತಿರ್ತಿತ್ತು” ಅಂದರು.

ಅಪ್ಪ ಮಗ ಅಲ್ಲಿಂದ ನೇರ ಜಿಲ್ಲೆಯ ಸೆನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ ಪೊಲೀಸ್ ಠಾಣೆಗೆ ಹೋಗಿ ದೂರು ಬರೆದುಕೊಟ್ಟರು. ದೂರಿನ ಪ್ರತಿ ತೆಗೆದುಕೊಳ್ಳದೆ ಬರಬೇಡಿ ಎಂದು ಹೇಳಿ ಕಳಿಸಿದ್ದೆ. ಹೋಗುವ ಮುನ್ನ ಹುಡುಗ ಇಬ್ಬರ ಫೋನನ್ನೂ ಸರಿಮಾಡಿದ: ವಾಟ್ಸ್‌ಆ್ಯಪ್‌ನಲ್ಲಿ ಅಪರಿಚಿತ ಕರೆಗಳು ಸದ್ದು ಮಾಡದಂತೆ, ಪ್ರೊಫೈಲ್ ಫೋಟೊ ಪರಿಚಿತರಿಗೆ ಮಾತ್ರ ಕಾಣುವಂತೆ. ತನ್ನ ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೈವೇಟ್ ಮಾಡಿದ. ಆ ಗುಂಪಿಗೆ ಅಕ್ಕನ ಹೆಸರು ಸಿಕ್ಕಿದ್ದು ಎಲ್ಲರಿಗೂ ತೆರೆದಿಟ್ಟಿದ್ದ ಫಾಲೋವರ್ ಪಟ್ಟಿಯಿಂದಲೇ.

ಅವರು ವಿಡಿಯೋ ಕಳಿಸಿದರು. ಸೋಮವಾರ ರಾತ್ರಿ, ಇಬ್ಬರಿಗೆ. ಚಿಕ್ಕಪ್ಪನ ಮಗ ಎರಡು ವಾರ ಮಾತು ಬಿಟ್ಟ. ಇನ್ನೊಬ್ಬಳು ಅವನ ಕ್ಲಾಸಿನ ಹುಡುಗಿ, ಇವನ ಮೆಸೇಜ್ ಮೊದಲೇ ತಲುಪಿದ್ದ ಆರು ಜನರಲ್ಲಿ ಒಬ್ಬಳು. ಆ ರಾತ್ರಿಯೇ ಅವಳ ಮೆಸೇಜ್ ಬಂತು: ‘ನೀನು ಹೇಳಿದ್ಯಲ್ಲ, ಅದು ಬಂತು. ತೆರೆದಿಲ್ಲ. ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದೀನಿ. ಊಟ ಮಾಡಿದ್ಯಾ?’

ಒಟ್ಟು ಒಂಬತ್ತು ಸಲ ಭೇಟಿಯಾದೆವು. ರಾತ್ರಿ ಫೋನ್ ಅದುರಿದರೆ ಎದೆ ಹೊಡೆದುಕೊಳ್ಳುವುದು ಕಡಿಮೆಯಾಗಲು ಎರಡು ತಿಂಗಳು ಹಿಡಿಯಿತು, ಪೂರ್ತಿ ಹೋಗಿಲ್ಲ. ಅಕ್ಕನ ಸಾಲವನ್ನು ತಂದೆ ತೀರಿಸಿದರು, ರೂಮ್‌ಮೇಟ್‌ನದನ್ನು ಇವನೇ ಕಂತಿನಲ್ಲಿ ಕೊಡುತ್ತಿದ್ದಾನೆ. ಈ ಪ್ರಕರಣವನ್ನು ಬರೆಯಲೇ ಎಂದು ಕೇಳಿದಾಗ ಒಪ್ಪಿದ. ಊರು ಬದಲಿಸಿ, ಅಪ್ಪನ ಕೆಲಸ ಬದಲಿಸಿ, ಏನು ಬೇಕಾದರೂ ಬದಲಿಸಿ ಅಂದ. ಅವಳು ಊಟದ ವಿಷಯ ಕೇಳಿದ್ದನ್ನು ಮಾತ್ರ ಇದ್ದ ಹಾಗೇ ಬರೀಬೇಕು, ಅದಕ್ಕೆ ಅವಳ ಒಪ್ಪಿಗೆಯನ್ನೂ ಕೇಳಿಕೊಂಡು ಬಂದಿದೀನಿ ಅಂದ.