‘ಪ್ರಭಾವ ಬೀರಿತು’ ಎಂದರೆ ಸಾಲದು

ನಮಸ್ಕಾರ,

ಸ್ವತಂತ್ರ ಸಂಶೋಧನೆಯಿಂದ ಉನ್ನತ ಶಿಕ್ಷಣ ನೀತಿ ಹೇಗೆ ಬದಲಾಗುತ್ತದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಈ ವಿಷಯ ಕೈಬಿಡಬಾರದು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

‘ಪ್ರಭಾವ ಬೀರಿತು’ ಎಂಬ ಮಾತು ಒಂಬತ್ತು ಕಡೆ ಇದೆ. ಹೇಗೆ ಬೀರಿತು ಎಂಬುದು ಒಂದು ಕಡೆಯೂ ಇಲ್ಲ. ಓದುಗರಿಗೆ ಬೇಕಿರುವುದು ಅದೇ ಅಲ್ವಾ?

ಅಮೆರಿಕದಲ್ಲಿ ಕಾಲೇಜು ಓದಿಗೆ ಸರ್ಕಾರದ ಹಣದ ನೆರವು ಕೇಳುವ ಅರ್ಜಿ ಸರಳವಾಯಿತು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನೀವು ನಿಲ್ಲಬೇಕಿದ್ದ ಜಾಗ ಅದು. ಆ ಅರ್ಜಿಯಲ್ಲಿ ನೂರಕ್ಕೂ ಜಾಸ್ತಿ ಪ್ರಶ್ನೆಗಳಿದ್ದವು. ಬಹುಪಾಲು ಪ್ರಶ್ನೆ ತೆಗೆದರೂ ಯಾರಿಗೆ ಎಷ್ಟು ನೆರವು ಎಂಬುದು ಹೆಚ್ಚೇನೂ ಬದಲಾಗದು ಎಂದು 2006ರಲ್ಲಿ ಅರ್ಥಶಾಸ್ತ್ರಜ್ಞರಾದ ಸೂಸನ್ ಡೈನಾರ್ಸ್ಕಿ, ಜೂಡಿತ್ ಸ್ಕಾಟ್-ಕ್ಲೇಟನ್ ಲೆಕ್ಕ ಹಾಕಿ ತೋರಿಸಿದರು. ಇನ್ನೊಂದು ತಂಡ ಪ್ರಯೋಗವನ್ನೇ ಮಾಡಿತು. ತೆರಿಗೆ ಲೆಕ್ಕ ಬರೆಸಲು ಬಂದ ಕುಟುಂಬಗಳಲ್ಲಿ ಕೆಲವರಿಗೆ ಅಲ್ಲೇ ಅರ್ಜಿ ತುಂಬಲು ನೆರವಾದರು. ಕೆಲವರಿಗೆ ಸುಮ್ನೆ ಮಾಹಿತಿ ಕೊಟ್ಟರು. 2012ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅರ್ಜಿ ತುಂಬಲು ನೆರವು ಸಿಕ್ಕ ಮನೆಗಳಲ್ಲಿ, ಶಾಲೆಯ ಕೊನೆಯ ವರ್ಷದಲ್ಲಿದ್ದ ಮಕ್ಕಳ ಪೈಕಿ ಮುಂದೆ ಎರಡು ವರ್ಷ ಕಾಲೇಜು ಮುಗಿಸಿದವರು ಶೇ 36. ಸಹಾಯವೂ ಮಾಹಿತಿಯೂ ಸಿಗದ ಮನೆಗಳಲ್ಲಿ ಶೇ 28. ಬರೀ ಮಾಹಿತಿಯಿಂದ ಏನೂ ಬದಲಾಗಲಿಲ್ಲ.

ಪ್ರಶ್ನೆಗಳನ್ನು ಹೆಚ್ಚೆಂದರೆ 36ಕ್ಕೆ ಇಳಿಸುವ ಕಾನೂನು ಬಂದದ್ದು 2020ರ ಡಿಸೆಂಬರ್‌ನಲ್ಲಿ. ಮೊದಲ ಲೆಕ್ಕದಿಂದ 14 ವರ್ಷ! ಹೊಸ ಅರ್ಜಿ 2023ರ ಕೊನೆಗೆ ಬಂದಾಗ ತಾಂತ್ರಿಕ ತೊಂದರೆಗಳಾಗಿ, ಎಷ್ಟೋ ವಿದ್ಯಾರ್ಥಿಗಳಿಗೆ ನೆರವು ಎಷ್ಟೆಂದು ತಿಳಿಯುವುದೇ ತಡವಾಯಿತು. ಆ 14 ವರ್ಷ ಏನೇನು ನಡೆಯಿತು ಎಂದು ಹುಡುಕಿ. ನಿಮ್ಮ ಲೇಖನ ಅಲ್ಲಿದೆ.

‘ಸ್ವತಂತ್ರ’ ಎಂಬ ಪದವನ್ನೂ ಬಿಡಿಸಿ ಹೇಳಿ. ಯಾರಿಂದ ಸ್ವತಂತ್ರ? ಹಣ ಕೊಟ್ಟವರು ಯಾರು? ಉನ್ನತ ಶಿಕ್ಷಣದ ಬಗ್ಗೆ ಬ್ರಿಟನ್ನಿನಲ್ಲಿ ಒಂದು ಸಮಿತಿ ಕೊಟ್ಟ 1963ರ ರಾಬಿನ್ಸ್ ವರದಿಯನ್ನು ನೀವು ಹೊಗಳಿದ್ದೀರಿ. ಆ ಸಮಿತಿಯನ್ನು ನೇಮಿಸಿದ್ದು ಸರ್ಕಾರವೇ. ಆದರೂ ಅದು ತಾನೇ ಸಮೀಕ್ಷೆ ನಡೆಸಿತು. ಉನ್ನತ ಶಿಕ್ಷಣ ಪಡೆಯಬಲ್ಲ ಯುವಜನರು ಇನ್ನೂ ಬೇಕಾದಷ್ಟಿದ್ದಾರೆ ಎಂದು ಅಂಕಿಗಳಿಂದ ತೋರಿಸಿತು. ಇದನ್ನು ಸ್ವತಂತ್ರ ಅನ್ನಬಹುದೇ? ನಾನು ಅನ್ನಬಹುದು ಅನ್ನುತ್ತೇನೆ. ನೀವು ಏನನ್ನುತ್ತೀರಿ ಎಂದು ಬರೆಯಿರಿ.

ಕೊನೆಯ ಎರಡು ಪ್ಯಾರಾ ತೆಗೆದುಬಿಡಿ. ನಾಲ್ಕನೆಯದರಲ್ಲಿ, ಅಧ್ಯಯನ ಒಂದು ಹೇಳಿದರೆ ಸಚಿವರು ಇನ್ನೊಂದು ಮಾಡುತ್ತಾರೆ ಎಂದು ಬೇಸರಪಟ್ಟಿದ್ದೀರಲ್ಲ, ಅಲ್ಲಿ ಮಾತ್ರ ನಿಮ್ಮ ದನಿ ಕೇಳಿಸಿತು. ಅಲ್ಲಿಂದ ಶುರುಮಾಡಿ. ತಿದ್ದಿದ ಮೇಲೆ ನನಗೇ ಕಳಿಸಿ, ಓದಲು ಕಾಯುತ್ತಿರುತ್ತೇನೆ.

– ಸಂಪಾದಕಿ