ಮಕ್ಕಳೆಲ್ಲ 'ಪೂರ್ತಿ ಒಪ್ಪುತ್ತೇನೆ'ಗೇ ಟಿಕ್ ಹಾಕಿದ್ರೆ ಆ ಡೇಟಾ ಕೆಲಸಕ್ಕೆ ಬರುತ್ತಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ, ಯಾಕಂದ್ರೆ ಎಂ.ಎ ಮಾಡುವಾಗ ನಾನೂ ಹೀಗೇ ಒಂದು ಕಟ್ಟು ಹಾಳೆ ಮುಂದಿಟ್ಕೊಂಡು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೆ. ನೀವು ಕೇಳಿರೋದು ಇಷ್ಟು: ವಿರಾಜಪೇಟೆ ಕಡೆ ಎರಡು ಹೈಸ್ಕೂಲಲ್ಲಿ 120 ಮಕ್ಕಳಿಗೆ ಪರೀಕ್ಷಾ ಭಯದ ಬಗ್ಗೆ 20 ವಾಕ್ಯದ ಪ್ರಶ್ನಾವಳಿ ಕೊಟ್ರಿ, ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮೇಲಿಂದ ಕೆಳಗೆ ಒಂದೇ ಕಾಲಂನಲ್ಲಿ ಟಿಕ್ ಎಳ್ಕೊಂಡು ಹೋಗಿದ್ದಾರೆ, ಗೈಡ್ 'ಇದು ರೆಸ್ಪಾನ್ಸ್ ಸ್ಟೈಲ್ ಪ್ರಾಬ್ಲಂ' (ಪ್ರಶ್ನೆ ಏನೇ ಇರಲಿ ಒಂದೇ ತರ ಉತ್ತರ ಕೊಡೋ ಅಭ್ಯಾಸ) ಅಂದು ಸುಮ್ಮನಾದ್ರು, ಮುಂದೆ ಬೇರೆ ಬೇರೆ ಶಾಲೆ ಹೋಲಿಸೋ ಯೋಚನೆಯೂ ಇದೆ, ಈಗ ಎಸೀಬೇಕಾ ಇಟ್ಕೋಬೇಕಾ.

ಎಸೀಬೇಡಿ. ಆದ್ರೆ 'ಮಕ್ಕಳಿಗೆ ತುಂಬಾ ಪರೀಕ್ಷಾ ಭಯ ಇದೆ' ಅಂತಲೂ ಬರೀಬೇಡಿ. ಮೊದ್ಲು ಒಂದು ಕೇಳ್ತೀನಿ, ಆ ಹಾಳೆ ಹಂಚಿದ್ದು ಯಾರು? ಕ್ಲಾಸ್ ಟೀಚರಾ? ತುಂಬೋವಾಗ ಅವರು ಬೆಂಚಿನ ಮಧ್ಯೆ ಓಡಾಡ್ತಾ ಇದ್ರಾ? ಹಾಳೆ ಮೇಲೆ ಹೆಸರು, ರೋಲ್ ನಂಬರ್ ಬರೆಸಿದ್ರಾ?

ನಾನು ಗೋಣಿಕೊಪ್ಪದ ಹತ್ರ ಒಂದು ಶಾಲೆಯಲ್ಲಿ ಮಾಡಿದಾಗ ಈ ಮೂರೂ ಆಗಿತ್ತು. ಹಾಳೆ ಕೈಗೆ ಬಂದ ತಕ್ಷಣ ಮೊದಲ ಬೆಂಚಿನ ಹುಡುಗಿ ಕೇಳಿದ್ದು 'ಮೇಡಂ ಇದಕ್ಕೆ ಮಾರ್ಕ್ಸ್ ಇದ್ಯಾ' ಅಂತ. ಇಲ್ಲಮ್ಮ ಅಂದೆ, ಆದ್ರೆ ಹಿಂದೆ ಹೆಡ್ ಮಾಸ್ಟರು ಕೈ ಕಟ್ಕೊಂಡು ನಿಂತಿದ್ರು, ನನ್ನ ಮಾತು ಯಾರು ನಂಬ್ತಾರೆ. 'ಮನೆಯಲ್ಲಿ ಓದಲು ನನಗೆ ಪ್ರತ್ಯೇಕ ಸ್ಥಳವಿದೆ' ಅಂತ ಒಂದು ವಾಕ್ಯ ಇತ್ತು, ತೋಟದ ಲೈನ್ ಮನೆಯಿಂದ (ಕೂಲಿಯವರ ಸಾಲು ಮನೆ) ಬರೋ ಹುಡುಗನೊಬ್ಬ ಅದಕ್ಕೆ ಪೂರ್ತಿ ಒಪ್ಪುತ್ತೇನೆ ಅಂತ ಹಾಕಿದ್ದ, ಅವನ ಮನೆ ಒಂದೇ ರೂಮು, ಐದು ಜನ ಇರೋದು, ನಂಗೆ ಗೊತ್ತಿತ್ತು. ಆಮೇಲೆ ಹೊರಗಡೆ ಮೆಲ್ಲಗೆ ಕೇಳಿದ್ರೆ 'ಇಲ್ಲ ಅಂತ ಹಾಕಿದ್ರೆ ಟೀಚರ್ ಮನೆಗೆ ಬಂದು ಅಪ್ಪನ್ನ ಕೇಳ್ತಾರೆ ಅಂದ್ಕೊಂಡೆ' ಅಂದ. ಅವನು ಸುಳ್ಳ ಅಂತ ನಂಗೆ ಆವತ್ತೂ ಅನ್ನಿಸಲಿಲ್ಲ, ಅಪ್ಪನ ಮರ್ಯಾದೆ ಕಾಪಾಡಿದ್ದ ಅಷ್ಟೆ. ಆದ್ರೆ 'ಪೂರ್ತಿ ಒಪ್ಪುವುದಿಲ್ಲ'ಕ್ಕೆ 1, 'ಪೂರ್ತಿ ಒಪ್ಪುತ್ತೇನೆ'ಗೆ 5 ಅಲ್ವಾ, ನನ್ನ ಸ್ಕೋರ್ ಶೀಟಲ್ಲಿ ಅದು 5 ಅಂತ ಕೂತ್ಕೊಳ್ತು.

ಪುಸ್ತಕದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಹೆಸರಿದೆ. ಏನು ಕೇಳಿದ್ರೂ ಹೂಂ ಅನ್ನೋದು ಒಂದು, ಬರೀ 1 ಅಥವಾ 5, ತುದಿಯಲ್ಲೇ ಟಿಕ್ ಹಾಕೋದು ಇನ್ನೊಂದು, ಮಧ್ಯದ 3ರಲ್ಲಿ ಅಡಗಿ ಕೂರೋದು ಮತ್ತೊಂದು, ಆಮೇಲೆ ಆ ಹುಡುಗ ಮಾಡಿದ್ನಲ್ಲ, ಒಳ್ಳೇದು ಕಾಣಿಸೋ ಉತ್ತರ ಆರಿಸೋದು, ಅದನ್ನ ಸೋಶಿಯಲ್ ಡಿಸೈರಬಿಲಿಟಿ ಅಂತಾರೆ. ಅಮೆರಿಕದ ಮನಃಶಾಸ್ತ್ರಜ್ಞ ಕ್ರೋನ್‌ಬ್ಯಾಕ್ 1946ರಲ್ಲೇ ಇದರ ಬಗ್ಗೆ ಬರೆದಿದ್ರು, ವಿಷಯ ಏನೇ ಇರಲಿ ಪ್ರಶ್ನೆಯ ಆಕಾರ ನೋಡಿಯೇ ಜನ ಒಂದು ತರ ಉತ್ತರ ಕೊಡ್ತಾರೆ ಅಂತ. ತಮಾಷೆ ಏನಂದ್ರೆ ನಿಮ್ಮ ಗೈಡ್ ಕೇಳೋ ಆಲ್ಫಾ ಇದ್ಯಲ್ಲ, ವಾಕ್ಯಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತೆ ಅಂತ ಹೇಳೋ ನಂಬರು, 1951ರಲ್ಲಿ ಅದನ್ನ ಬರೆದಿದ್ದೂ ಇದೇ ಮನುಷ್ಯ. ನಿಮ್ಮ 20 ವಾಕ್ಯವೂ ಒಂದೇ ದಿಕ್ಕಿಗಿದ್ದು ಕೆಲವು ಮಕ್ಕಳು ಎಲ್ಲದಕ್ಕೂ ಹೂಂ, ಇನ್ನು ಕೆಲವರು ಎಲ್ಲದಕ್ಕೂ ಉಹೂಂ ಅಂದ್ರೆ ಆಲ್ಫಾ ಚೆನ್ನಾಗಿ ಮೇಲೆ ಬರುತ್ತೆ. ಆಲ್ಫಾ ಜಾಸ್ತಿ ಬಂತು ಅಂತ ಖುಷಿ ಪಡೋಕೆ ಮುಂಚೆ ಇದನ್ನ ಯೋಚನೆ ಮಾಡಿ.

ಎಲ್ಲರೂ ಹೇಳೋ ಮದ್ದು ಅಂದ್ರೆ ಉಲ್ಟಾ ವಾಕ್ಯ, ಭಯ ಇಲ್ಲದವರು ಒಪ್ಪೋ ಅಂಥದ್ದು, ಸೇರಿಸಿ ಅನ್ನೋದು. ಸರಿಯೇ, ಆದ್ರೆ ಲೆಕ್ಕ ಹಾಕಿ ನೋಡಿ. ಹತ್ತು ನೇರ, ಹತ್ತು ಉಲ್ಟಾ ಇಟ್ರಿ ಅಂದ್ಕೊಳ್ಳಿ. ಎಲ್ಲದಕ್ಕೂ 5 ಹಾಕಿದ ಮಗುವಿಗೆ ನೇರದ್ದು 50, ಉಲ್ಟಾದ್ದು ತಿರುಗಿಸಿದ ಮೇಲೆ (5 ಇದ್ದದ್ದು 1 ಆಗುತ್ತೆ) 10, ಒಟ್ಟು 60. ಎಲ್ಲದಕ್ಕೂ 3 ಹಾಕಿದ ಮಗುವಿಗೂ 60. ನಿಜವಾಗ್ಲೂ ಓದಿ ಯೋಚಿಸಿ ಮಧ್ಯಮ ಭಯ ಇರೋ ಮಗುವಿಗೂ 60! ಮೂರೂ ಒಂದೇ ಸಾಲಲ್ಲಿ ನಿಂತ್ಕೊಂಡ್ವು. ಅದಕ್ಕೆ ತಿರುಗಿಸೋಕೆ ಮುಂಚಿನ ಕಚ್ಚಾ ನಂಬರನ್ನ ಅಳಿಸಬೇಡಿ, ಒಂದಕ್ಕೊಂದು ವಿರುದ್ಧ ಇರೋ ಜೋಡಿ ವಾಕ್ಯ ಹಿಡ್ಕೊಂಡು ಎರಡಕ್ಕೂ ಹೂಂ ಅಂದವರು ಎಷ್ಟು ಜನ ಅಂತ ಎಣಿಸಿ.

ಇನ್ನೊಂದು ಸಂಕಟ ಇರೋದು ಕನ್ನಡದಲ್ಲೇ. ನಾವು 'ಊಟ ಆಗಿಲ್ವಾ' ಅಂದ್ರೆ 'ಹೌದು ಆಗಿಲ್ಲ' ಅಂತಲೂ ಅಂತೀವಿ, 'ಇಲ್ಲ ಆಗಿಲ್ಲ' ಅಂತಲೂ ಅಂತೀವಿ, ಎರಡೂ ಒಂದೇ. ಈಗ 'ಪರೀಕ್ಷೆ ಎಂದರೆ ನನಗೆ ಭಯವಾಗುವುದಿಲ್ಲ' ಅಂತ ಉಲ್ಟಾ ವಾಕ್ಯ ಕೊಟ್ರೆ, ಭಯ ಇಲ್ಲದ ಹುಡುಗಿ ಮನಸ್ಸಲ್ಲೇ 'ಆಗಲ್ಲಪ್ಪ' ಅಂದ್ಕೊಂಡು ಹೋಗಿ 'ಒಪ್ಪುವುದಿಲ್ಲ'ಕ್ಕೆ ಟಿಕ್ ಹಾಕ್ತಾಳೆ, ನಿಮ್ಮ ಶೀಟಲ್ಲಿ ಅವಳು ಹೆದರುಪುಕ್ಕಲಿ. ನನ್ನ ಡೇಟಾದಲ್ಲಿ ಇಂಥ ವಾಕ್ಯಗಳೇ ಹೆಚ್ಚು ಕೆಟ್ಟಿದ್ದು. 'ಇಲ್ಲ' ಇರದೇ ಉಲ್ಟಾ ಬರೀರಿ, 'ಪರೀಕ್ಷೆ ದಿನವೂ ಬೆಳಿಗ್ಗೆ ಆರಾಮಾಗಿ ತಿಂಡಿ ತಿಂತೀನಿ' ಅನ್ನೋ ತರ.

ಭಾಷೆ ವಿಷಯ ಬಂತಲ್ಲ, ನಮ್ಮ ಕೊಡಗಲ್ಲಿ ಒಂದು ಕ್ಲಾಸಲ್ಲಿ ಮನೆಮಾತು ಎಷ್ಟಿದೆ ಒಮ್ಮೆ ಎಣಿಸಿ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ, ಈಗೀಗ ತೋಟಕ್ಕೆ ಬಂದಿರೋ ಅಸ್ಸಾಂ ಕಡೆಯವರ ಮಕ್ಕಳು. ಅವರಿಗೆ 'ನಾನು ಉದ್ವಿಗ್ನಗೊಳ್ಳುತ್ತೇನೆ' ಅಂತ ಕೊಟ್ರೆ ಏನು ಮಾಡ್ತಾರೆ ಹೇಳಿ. ಗೊತ್ತಿಲ್ಲ ಅಂತ ಕೈ ಎತ್ತೋಕೆ ನಾಚಿಕೆ, ಹಾಗಾಗಿ ಸೇಫ್ ಅನ್ನಿಸೋ ಕಡೆ ಒಂದು ಟಿಕ್. 'ಎದೆ ಡವಡವ ಅನ್ನುತ್ತೆ', 'ಹೊಟ್ಟೆಯಲ್ಲಿ ತಳಮಳ ಆಗುತ್ತೆ' ಅಂತ ಬದಲಾಯಿಸಿದ್ರೆ ಉತ್ತರಾನೂ ಬದಲಾಗುತ್ತೆ. 'ಆಗಾಗ', 'ಕೆಲವೊಮ್ಮೆ' ಅನ್ನೋದರ ವ್ಯತ್ಯಾಸ ನಂಗೇ ಸರಿಯಾಗಿ ಗೊತ್ತಿಲ್ಲ, ಮಕ್ಕಳಿಗೆ ಎಲ್ಲಿಂದ, ಅದರ ಬದಲು ಹೋದ ವಾರ ಎಷ್ಟು ದಿನ ಅಂತ ಕೇಳಿ.

ಇದು ಬರೀ ಪ್ರಶ್ನಾವಳಿ ಕಥೆ ಅಂದ್ಕೋಬೇಡಿ, ಮಾರ್ಕ್ಸ್ ಬರೋ ಪರೀಕ್ಷೆಯಲ್ಲೂ ಇದೇ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಮೈನಸ್ ಇಲ್ಲ, ಆದ್ರೂ ಪ್ರಾಕ್ಟೀಸ್ ಟೆಸ್ಟಲ್ಲಿ ಖಾಲಿ ಬಿಡೋ ಮಕ್ಕಳನ್ನ ನಾನೇ ನೋಡಿದ್ದೀನಿ, ಗೊತ್ತಿಲ್ಲದ್ದನ್ನ ಬರೆಯೋದು ಮೋಸ ಅನ್ನೋ ಭಾವನೆ. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. ನಾಲ್ಕು ಆಯ್ಕೆಯಲ್ಲಿ ಕಣ್ಮುಚ್ಚಿ ಹಾಕಿದ್ರೂ ಸರಾಸರಿ ಕಾಲು ಮಾರ್ಕು ಲಾಭವೇ, ಒಂದು ಆಯ್ಕೆ ತಪ್ಪು ಅಂತ ಗೊತ್ತಾದ್ರೆ ಮೂರರಲ್ಲಿ ಎರಡು ಪಾಲು ಮಾರ್ಕು. ಧೈರ್ಯ ಇರೋನು ಹಾಕ್ತಾನೆ, ಅಂಜೋಳು ಬಿಡ್ತಾಳೆ, ಇಬ್ಬರಿಗೂ ಬಯಾಲಜಿ ಗೊತ್ತಿರೋದು ಅಷ್ಟೇ ಇದ್ರೂ ರಾಂಕ್ ಬೇರೆ. ಹೀಗೆ ಊಹೆ ಮೇಲೆ ಹಾಕೋ ಅಭ್ಯಾಸವನ್ನೂ ಕ್ರೋನ್‌ಬ್ಯಾಕ್ ಆವಾಗಲೇ ಇದೇ ಪಟ್ಟಿಗೆ ಸೇರಿಸಿದ್ರು. ಅಮೆರಿಕದ ಸ್ಯಾಟ್ ಪರೀಕ್ಷೆಯಲ್ಲಿ 2016ರಿಂದ ತಪ್ಪಿಗೆ ಕಳೆಯೋದನ್ನೇ ಬಿಟ್ಟರು.

ಬೇರೆ ಬೇರೆ ಶಾಲೆ ಹೋಲಿಸ್ತೀನಿ ಅಂದ್ರಲ್ಲ, ಅಲ್ಲಿ ಇನ್ನೂ ಹುಷಾರು. ಹಲವು ದೇಶಗಳ ಶಾಲಾ ಮಕ್ಕಳ ಕಲಿಕೆ ಅಳೆಯೋ ಪೀಸಾ ಸಮೀಕ್ಷೆಯಲ್ಲಿ ಒಂದು ವಿಚಿತ್ರ ಇದೆ, ಒಂದು ದೇಶದ ಒಳಗೆ ನೋಡಿದ್ರೆ ಗಣಿತ ಇಷ್ಟ ಅನ್ನೋ ಮಕ್ಕಳಿಗೆ ಮಾರ್ಕ್ಸ್ ಜಾಸ್ತಿ, ಆದ್ರೆ ದೇಶಗಳ ಸರಾಸರಿ ಪಕ್ಕಪಕ್ಕ ಇಟ್ರೆ ಅದು ಉಲ್ಟಾ ಹೊಡೆಯುತ್ತೆ, 'ತುಂಬಾ ಇಷ್ಟ' ಅನ್ನೋ ದೇಶದ ಮಕ್ಕಳ ಮಾರ್ಕ್ಸ್ ಕಮ್ಮಿ. ಟಿಕ್ ಹಾಕೋ ಅಭ್ಯಾಸ ದೇಶದಿಂದ ದೇಶಕ್ಕೆ ಬೇರೆ ಅನ್ನೋದು ಒಂದು ಕಾರಣ ಅಂತಾರೆ. ಅದಕ್ಕೆ 2012ರಲ್ಲಿ ಕಾಲ್ಪನಿಕ ಟೀಚರುಗಳ ಪುಟ್ಟ ಕಥೆ ಕೊಟ್ಟು, ಇವರು ಮಕ್ಕಳ ಕಲಿಕೆ ಬಗ್ಗೆ ಕಾಳಜಿ ಮಾಡ್ತಾರಾ ಹೇಳಿ ಅಂತ ಮೊದಲು ಕೇಳಿದ್ರು. ಎಲ್ಲರ ಮುಂದೆ ಇರೋದು ಅದೇ ಕಥೆ, ಹಾಗಾಗಿ ಈ ಮಗುವಿನ 'ಒಪ್ತೀನಿ' ಅಂದ್ರೆ ಎಷ್ಟು ಅಂತ ಅಳತೆ ಸಿಗುತ್ತೆ. ನೀವೂ ಮಾಡಬಹುದು: 'ಪರೀಕ್ಷೆ ಹಿಂದಿನ ರಾತ್ರಿ ರಾಜು ಎರಡು ಸಲ ಎದ್ದು ನೀರು ಕುಡಿದ, ಬೆಳಿಗ್ಗೆ ಅಕ್ಕಿ ರೊಟ್ಟಿ ಅರ್ಧಕ್ಕೇ ಬಿಟ್ಟ, ಅವನಿಗೆ ಎಷ್ಟು ಭಯ?' ಇಂಥ ಮೂರು ಸಾಕು.

ಆದ್ರೆ ಒಂದೇ ಕಾಲಂ ಟಿಕ್ ಕಂಡ ತಕ್ಷಣ ಸ್ಟೈಲ್ ಅಂತ ತೆಗೆದು ಹಾಕೋದೂ ತಪ್ಪು. 2018ರ ಆಗಸ್ಟಲ್ಲಿ ಗುಡ್ಡ ಕುಸಿದ ಮೇಲೆ ಮಕ್ಕಂದೂರು, ಜೋಡುಪಾಲ ಕಡೆಯ ಮಗು 'ಜೋರು ಮಳೆಗೆ ನಿದ್ದೆ ಬರಲ್ಲ', 'ರಾತ್ರಿ ಸದ್ದಾದ್ರೆ ಎದ್ದು ಕೂರ್ತೀನಿ' ಎರಡಕ್ಕೂ 5 ಹಾಕಿದ್ರೆ ಅದನ್ನ ಹೂಂಗುಟ್ಟೋ ಚಟ ಅಂತೀರಾ? ಬೆಂಗಳೂರಲ್ಲಿ ಕೂತು ಸಾಫ್ಟ್‌ವೇರಲ್ಲಿ ಡೇಟಾ ಕ್ಲೀನ್ ಮಾಡೋರಿಗೆ ಇದು ಕಾಣಲ್ಲ, ನಿಮಗೆ ಕಾಣಬೇಕು.

ಈಗ ಇರೋ 120 ಹಾಳೆಯನ್ನ ಪೈಲಟ್, ಅಂದ್ರೆ ಮುಖ್ಯ ಅಧ್ಯಯನಕ್ಕೆ ಮುಂಚಿನ ಪ್ರಯೋಗ, ಅಂತ ಕರೀರಿ, ಗೈಡ್ ಒಪ್ತಾರೆ, ಪ್ರಬಂಧದಲ್ಲಿ ಒಂದು ಅಧ್ಯಾಯವೇ ಆಗುತ್ತೆ. ಎರಡನೇ ಸಲ ಹೋಗುವಾಗ ಹೆಸರು ಬರೆಸಬೇಡಿ, ಟೀಚರನ್ನ ಸ್ಟಾಫ್ ರೂಮಲ್ಲಿ ಕೂರಿಸಿ ಕಾಫಿ ಕೊಡಿಸಿ, ತುಂಬಿದ ಹಾಳೆಯನ್ನ ಮಕ್ಕಳೇ ಮಡಚಿ ಡಬ್ಬಕ್ಕೆ ಹಾಕ್ಲಿ. ಹತ್ತು ಮಕ್ಕಳನ್ನ ಒಬ್ಬೊಬ್ಬರಾಗಿ ಕೂರಿಸಿ ಪ್ರತಿ ವಾಕ್ಯ ಓದಿಸಿ 'ಇದಕ್ಕೆ ಏನು ಅರ್ಥ ಮಾಡ್ಕೊಂಡೆ' ಅಂತ ಕೇಳಿ, ನನ್ನ ಅನುಭವದಲ್ಲಿ ಯಾವ ಸ್ಟಾಟಿಸ್ಟಿಕ್ಸಿಗಿಂತ ಜಾಸ್ತಿ ಕಲಿಸಿದ್ದು ಇದು. ಡಿಸೆಂಬರಿಂದ ಫೆಬ್ರವರಿವರೆಗೆ ಮಾತ್ರ ಹೋಗ್ಬೇಡಿ, ಕಾಫಿ ಕುಯ್ಲು ಟೈಮು, ಲೈನ್ ಮನೆ ಮಕ್ಕಳು ಎಷ್ಟೋ ಜನ ಶಾಲೆಗೇ ಬಂದಿರಲ್ಲ.