ತಡೆದದ್ದು ಮ್ಯಾಗಜಿನ್ ಅಲ್ಲ, ಜಾಹೀರಾತು

ಪ್ರಶ್ನೆ: ಅಮೆರಿಕದ ಮ್ಯಾಗಜಿನ್‌ಗಳನ್ನು ಗಡಿಯಲ್ಲೇ ತಡೆದು ಕೆನಡಾ ತನ್ನ ಸಂಸ್ಕೃತಿ ಉಳಿಸಿಕೊಂಡಿತಂತೆ. ಉಳಿದ ದೇಶಗಳೂ ಹಾಗೇ ಮಾಡಬಹುದಲ್ಲ?

ಉತ್ತರ: ಈ ಪ್ರಶ್ನೆ ಯಾವಾಗ ಬಂದರೂ 'ತಡೆದು' ಎಂಬ ಅದೇ ತಪ್ಪನ್ನು ಹೊತ್ತುಕೊಂಡೇ ಬರುತ್ತದೆ. ಮಾಮೂಲಿ ಅಮೆರಿಕನ್ ಮ್ಯಾಗಜಿನ್‌ಗಳನ್ನು ಕೆನಡಾ ತಡೆದಿರಲೇ ಇಲ್ಲ; ಅಲ್ಲಿನ ಅಂಗಡಿಗಳ ತುಂಬ ಅವೇ ಇದ್ದವು. 1965ರ ಸುಂಕ ನಿಯಮ 9958 ತಡೆದದ್ದು 'ಸ್ಪ್ಲಿಟ್ ರನ್' ಆವೃತ್ತಿಯನ್ನು. ಲೇಖನ, ಚಿತ್ರ ಎಲ್ಲ ಅಮೆರಿಕದವೇ. ಜಾಹೀರಾತಿನ ಪುಟ ಮಾತ್ರ ಕಿತ್ತು ಕೆನಡಾದ ಗ್ರಾಹಕರಿಗೆಂದೇ ಮಾಡಿದ್ದನ್ನು ಕೂರಿಸಿದ್ದು. ಬರಹದ ಖರ್ಚು ಆಗಲೇ ತವರಲ್ಲಿ ವಸೂಲಾಗಿರುವುದರಿಂದ ಜಾಹೀರಾತಿನ ದರ ಎಷ್ಟು ಬೇಕಾದರೂ ಇಳಿಸಬಹುದು. ಲೇಖಕರಿಗೆ ಸಂಭಾವನೆ ಕೊಟ್ಟು ಪತ್ರಿಕೆ ನಡೆಸುವ ಕೆನಡಾದವನು ಆ ದರಕ್ಕೆ ಇಳಿದರೆ ಬಾಗಿಲು ಹಾಕಬೇಕು. ಜಗಳ ಇದ್ದದ್ದು ಆ ದುಡ್ಡಿಗೆ. ಇಷ್ಟೂ ಓದದೆ ವೇದಿಕೆ ಮೇಲೆ 'ಸಂಸ್ಕೃತಿ' ಎಂದು ಗಂಟಲು ಹರಿದುಕೊಳ್ಳುವ ತಜ್ಞರಿಂದ ನನಗೆ ತಲೆನೋವು ಬಂದಿದೆ.

ಆ ತಡೆಯೂ ಬಾಳಲಿಲ್ಲ. 1993ರಲ್ಲಿ 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ತನ್ನ ಪುಟಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿ ಕೆನಡಾದೊಳಗೇ ಮುದ್ರಿಸಿತು. ಕಸ್ಟಮ್ಸ್‌ನವರು ಹಿಡಿಯೋಣ ಎಂದರೆ ಗಡಿಯಲ್ಲಿ ಒಂದು ಹಾಳೆಯೂ ಇಲ್ಲ! 1995ರಲ್ಲಿ ಸರ್ಕಾರ ಇಂಥ ಆವೃತ್ತಿಯ ಜಾಹೀರಾತಿನ ಮೇಲೆ ಶೇ 80 ತೆರಿಗೆ ಹಾಕಿತು: ಸಾವಿರ ಡಾಲರಿನ ಜಾಹೀರಾತಿಗೆ ಎಂಟುನೂರು ಡಾಲರ್. ಅಮೆರಿಕ ವಿಶ್ವ ವಾಣಿಜ್ಯ ಸಂಸ್ಥೆಗೆ ದೂರು ಕೊಟ್ಟಿತು. 'ಇದು ಸರಕಿನ ಮೇಲಿನ ತೆರಿಗೆಯಲ್ಲ, ಜಾಹೀರಾತು ಸೇವೆಯ ಮೇಲಿನದು' ಎಂದು ಕೆನಡಾ ವಾದಿಸಿತು. ನಡೆಯಲಿಲ್ಲ. 1997ರಲ್ಲಿ ಆಮದು ನಿಷೇಧ, ತೆರಿಗೆ, ಕೆನಡಾದ ಪತ್ರಿಕೆಗಳಿಗಿದ್ದ ಅಂಚೆ ದರದ ರಿಯಾಯಿತಿ ಮೂರೂ ಬಿದ್ದವು. ಕೆನಡಾ ಇದೇ ಉದ್ದೇಶದ ಮತ್ತೊಂದು ಕಾನೂನಿಗೆ ಹೊರಟಾಗ ಅಮೆರಿಕ ಕೆನಡಾದ ಉಕ್ಕಿನ ಮೇಲೂ ಸುಂಕದ ಬೆದರಿಕೆ ಹಾಕಿತು. ಆ ಕಾನೂನು ಮುಂದಿಟ್ಟ ಸಚಿವೆ ಶೀಲಾ ಕಾಪ್ಸ್ ಅವರ ಊರು ಹ್ಯಾಮಿಲ್ಟನ್, ಉಕ್ಕಿನ ಊರು. 1999ರಲ್ಲಿ ರಾಜಿ: ವಿದೇಶಿ ಪತ್ರಿಕೆ ತನ್ನ ಜಾಹೀರಾತು ಜಾಗದಲ್ಲಿ ಶೇ 12ರಷ್ಟನ್ನು ಕೆನಡಾದ ಗ್ರಾಹಕರಿಗೆಂದೇ ಮಾಡಿದ ಜಾಹೀರಾತಿಗೆ ಕೊಡಬಹುದು, ಮೂರು ವರ್ಷದ ನಂತರ ಶೇ 18.

ಗಟ್ಟಿಯಾಗಿ ನಿಂತದ್ದು ಯಾರ ಕಣ್ಣಿಗೂ ಬೀಳದ ಆದಾಯ ತೆರಿಗೆ ಕಲಮು. ವಿದೇಶಿ ಪತ್ರಿಕೆಗೆ ಕೊಟ್ಟ ಜಾಹೀರಾತಿನ ಖರ್ಚನ್ನು ಕಂಪನಿ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂಬುದು ಅದರ ಸಾರ. ರಾಜಿಯಲ್ಲಿ ಸಡಿಲವಾಯಿತೇ ಹೊರತು ಸಾಯಲಿಲ್ಲ. ಸಹಾಯಧನವೂ ಸಾಧ್ಯ, ಆದರೆ ಅಂಚೆ ಇಲಾಖೆಯ ಮೂಲಕ ಸುತ್ತಿಸದೆ ಪ್ರಕಾಶಕನ ಕೈಗೇ ಕೊಡಬೇಕು. ಇದರಾಚೆಗೆ ಸಲಹೆ ಕೊಡಲು ನನಗೆ ಧೈರ್ಯವಿಲ್ಲ.

ಪ್ರಶ್ನೆ: ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ಮುಕ್ತ ವ್ಯಾಪಾರ ಒಪ್ಪಂದ ನಾಫ್ತಾದಲ್ಲಿ ಸಂಸ್ಕೃತಿಗೆ ವಿನಾಯಿತಿ ಇತ್ತಲ್ಲ?

ಉತ್ತರ: ಇತ್ತು. ಅದಕ್ಕೇ ಅಮೆರಿಕ ಆ ಬಾಗಿಲು ತಟ್ಟದೆ ವಿಶ್ವ ವಾಣಿಜ್ಯ ಸಂಸ್ಥೆಗೆ ಹೋಯಿತು.

ಪ್ರಶ್ನೆ: ಸಿನಿಮಾಕ್ಕೆ ಕೋಟಾ ಇರಬಹುದಾದರೆ ಮ್ಯಾಗಜಿನ್‌ಗೆ ಏಕಿಲ್ಲ?

ಉತ್ತರ: ವಿಶ್ವ ವಾಣಿಜ್ಯ ಸಂಸ್ಥೆಯ ಸರಕು ವ್ಯಾಪಾರದ ಒಪ್ಪಂದ ಗ್ಯಾಟ್‌ನಲ್ಲಿ ಇಂಥ ಕೋಟಾಕ್ಕೆ ಅವಕಾಶ ಕೊಡುವ 4ನೇ ವಿಧಿಯಲ್ಲಿ ಸಿನಿಮಾ ಎಂದಷ್ಟೇ ಬರೆದಿದೆ.

ಪ್ರಶ್ನೆ: ಸಾಂಸ್ಕೃತಿಕ ವೈವಿಧ್ಯ ಕಾಯುವ 2005ರ ಯುನೆಸ್ಕೊ ಒಪ್ಪಂದ ತೋರಿಸಿದರೆ ಸಾಲದೇ?

ಉತ್ತರ: ಮೊದಲು ಅದರ 20ನೇ ವಿಧಿ ಓದಿ: ಬೇರೆ ಒಪ್ಪಂದಗಳ ಹೊಣೆ ಇದರಿಂದ ಬದಲಾಗದು ಎಂದು ಅದೇ ಹೇಳುತ್ತದೆ. ಅಮೆರಿಕವಂತೂ ಅದರ ವಿರುದ್ಧವೇ ಮತ ಹಾಕಿದೆ.